ಮಾಲು ಫಾರಿನ್ನಿಗೆ, ಸಂಬಳ ಯಾರ ಮನೆಗೆ?

ಮೊನ್ನೆ ಭಾನುವಾರ ನಮ್ಮನೆ ಜಗಲಿ ಮೇಲೆ ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತುಕ್ತಾ ಕೂತಿದ್ವಿ. ನಾನು, ನಮ್ಮತ್ತೆ, ಎದುರುಮನೆ ಅಕ್ಕ, ಪಕ್ಕದ ಮನೆ ಅತ್ತಿಗೆ. ಕೆಜಿಎಫ್‌ನಿಂದ ನಮ್ಮಣ್ಣನ ಮಗಳೂ ಬಂದಿದ್ಲು. ಡಿಪ್ಲೊಮಾ ಮುಗ್ಸಿ ಆರು ತಿಂಗಳು ಮನೇಲೇ ಅವ್ಳೆ. ಈಗ ಮಾಲೂರು ಕಡೆ ಯಾವುದೋ ಫ್ಯಾಕ್ಟರಿಗೆ ಕೆಲಸಕ್ಕೆ ಕರೆ ಬಂದೈತೆ. ಅಲ್ಲಿ ಮಾಡೋ ಪಾರ್ಟುಗಳೆಲ್ಲ ಹೊರದೇಶಕ್ಕೆ ಹೋಗ್ತಾವಂತೆ. ಫೋನಿನಲ್ಲಿ ಬಂದಿದ್ದ ಮೆಸೇಜು ತೋರ್ಸಿದ್ಲು. ಸೋಮವಾರ ಬಂದು ಸೇರ್ಕೊಳ್ಳಿ, ಸಂಬಳ ಇಷ್ಟು, ಅಷ್ಟೇ.

ಎದುರುಮನೆ ಅಕ್ಕ ಕೂಡ್ಲೆ ಅಂದ್ರು, "ಫಾರಿನ್ನಿಗೆ ಹೋಗೋ ಮಾಲು ಅಂದ್ಮೇಲೆ ಸಂಬಳ ಚೆನ್ನಾಗೇ ಕೊಡ್ತಾರೆ, ಕಣ್ಮುಚ್ಕೊಂಡು ಹೋಗು ಮಗ." ಪಕ್ಕದ ಮನೆ ಅತ್ತಿಗೆ ಸುಮ್ಮನಿರ್ತಾರಾ? "ಫಾರಿನ್ನವರು ನಮ್ಮ ಹುಡುಗೀರ ರಕ್ತ ಹೀರ್ಕೊಂಡು ಹೋಗ್ತಾರೆ ಅಷ್ಟೇಯ. ಟೈಲರಿಂಗ್ ಕಲಿಸಿ ಮನೇಲಿ ಕೂರ್ಸಿ" ಅಂದ್ರು. ಹುಡುಗಿ ನನ್ ಮುಖ ನೋಡಿದ್ಲು. ನಾನು ಹದಿನಾರು ವರ್ಷ ಇದೇ ಬಂಗಾರಪೇಟೆ ಸ್ಟೇಷನ್ನಲ್ಲಿ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಲ್ಲಿ ದುಡಿದೋಳು. ನಾನು ಹೊಲೆದಿದ್ದು ಒಂದು ಪೀಸೂ ಈ ದೇಶದಲ್ಲಿ ಮಾರ್ಲಿಲ್ಲ. ಹಂಗಾಗಿ ಮಾತಾಡೋ ಹಕ್ಕು ನನಗೂ ಸ್ವಲ್ಪ ಐತೆ ಅಂದ್ಕೊಂಡು ಬರೀತಾ ಇದ್ದೀನಿ.

ನಾನು ಹೇಳೋದಿಷ್ಟು. ಇಬ್ಬರು ಹೇಳಿದ್ರಲ್ಲೂ ಅರ್ಧರ್ಧ ನಿಜ ಐತೆ. ಮಾಲು ಹೊರದೇಶಕ್ಕೆ ಹೋದ್ರೆ ನಮ್ಮೂರಿಗೆ ಕೆಲಸ ಬರ್ತೈತೆ, ಅದು ಸುಳ್ಳಲ್ಲ. ಆದ್ರೆ ಬಂದ ದುಡ್ಡು ತಾನಾಗೇ ಕೆಳಗಿನವರ ಕೈಗೆ ಇಳಿಯಲ್ಲ. ಯಾರಿಗೆ ಎಷ್ಟು ಅನ್ನೋ ಪಾಲು ಹಡಗಿನಲ್ಲಿ ಆಗೋದಲ್ಲ, ಇಲ್ಲೇ ಆಗೋದು. ನಮ್ಮ ಹೆಸರು ಯಾರ ಪುಸ್ತಕದಲ್ಲೈತೆ, ಕೈಯಲ್ಲಿ ಏನು ಕಾಗದ ಐತೆ, ಕೇಳೋಕೆ ಹೋದಾಗ ಪಕ್ಕದಲ್ಲಿ ಎಷ್ಟು ಜನ ನಿಂತವ್ರೆ, ಇದ್ರ ಮೇಲೆ ಆಗ್ತೈತೆ.

ಇದನ್ನ ನಮ್ಮ ಕೆಜಿಎಫ್‌ನೋರಿಗಿಂತ ಚೆನ್ನಾಗಿ ಬಲ್ಲೋರು ಯಾರು? ನನ್ನ ತವರು ರಾಬರ್ಟ್‌ಸನ್‌ಪೇಟೆ. ನಮ್ಮಪ್ಪ ಗಣೀಲಿ ಮೇಲಿನ ಕೆಲಸದಲ್ಲಿದ್ರು, ಕೆಳಕ್ಕೆ ಇಳೀತಾ ಇರ್ಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದು ತೆಗೆಯೋಕೆ ಶುರುಮಾಡಿದ ಚಿನ್ನ ಎಷ್ಟೋ ವರ್ಷ ಹಡಗು ಹತ್ತಿ ಇಂಗ್ಲೆಂಡಿಗೇ ಹೋಯ್ತು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಎಕ್ಸ್‌ಪೋರ್ಟು ನಮ್ಮ ಸೀಮೇಲಿ ಯಾವುದಿತ್ತು ಹೇಳಿ. ಆ ಗಣಿಗೋಸ್ಕರ 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಅದೂ ಬೆಂಗಳೂರಿಗಿಂತ ಮೂರು ವರ್ಷ ಮುಂಚೆ.

ಆದ್ರೆ ಆ ಕರೆಂಟು ಮೊದಲು ಹೋಗಿದ್ದು ಮಿಷನ್ನಿಗೆ, ದೊರೆಗಳ ಬಂಗಲೆಗೆ. ಭೂಮಿ ಕೆಳಗೆ ಇಳಿದೋರು ಹೆಚ್ಚಾಗಿ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತ ಕುಟುಂಬದೋರು. ಅವರಿಗೆ ಸಿಕ್ಕಿದ್ದು ಲೈನಿನಲ್ಲಿ ಒಂದು ಕೋಣೆ, ತಟ್ಟಿ ಗೋಡೆ, ವಯಸ್ಸಾಗೋ ಹೊತ್ತಿಗೆ ಎದೇಲಿ ಕಲ್ಲುಧೂಳು. ದೊರೆಗಳಿಗೆ ಕ್ಲಬ್ಬು, ತೋಟ, ಗಾಲ್ಫ್ ಮೈದಾನ. ಲಾಭ ಲಂಡನ್ನಿನ ಷೇರುದಾರರಿಗೆ. ಕೈ ಕೆಸರಾದ್ರೆ ಬಾಯಿ ಮೊಸರು ಅಂತೀವಲ್ಲ, ಕೈ ಕೆಸರಾಗಿದ್ದು ಇಲ್ಲಿ, ಬಾಯಿ ಮೊಸರಾಗಿದ್ದು ಅಲ್ಲಿ. ಕೂಲಿಯವರಿಗೆ ಏನಾದ್ರೂ ಸ್ವಲ್ಪ ಸಿಕ್ಕಿದ್ರೆ ಅದು ಚಿನ್ನದ ರೇಟು ಏರಿದ್ದಕ್ಕಲ್ಲ, ಕೆಲಸ ನಿಲ್ಲಿಸಿ ಕೂತಿದ್ದಕ್ಕೆ. 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಸಾವಿರಾರು ಜನ ಕೆಲಸ ನಿಲ್ಸಿದ ಕಥೆ ನಮ್ಮಜ್ಜಿ ಹೇಳ್ತಾ ಇದ್ರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ತೆಗೆಯೋ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಆಗಿತ್ತು. ಈಗ ಮಗಳ ಮದುವೆಗೆ ನಾವು ಕೊಳ್ಳೋ ಚಿನ್ನ ಬಹುಪಾಲು ಹೊರದೇಶದಿಂದ ಬಂದಿದ್ದು. ಊರಲ್ಲಿ ಉಳ್ದಿರೋದು ಸೈನೈಡ್ ದಿಬ್ಬ, ಗಾಳಿ ಬಂದಾಗ ಅದ್ರ ಧೂಳು. ಗಣಿ ಮುಚ್ಚಿದ ಮಾರನೇ ವರ್ಷ ನಾನು ರೈಲು ಹತ್ತಿದೆ.

ಆ ರೈಲಿನ ವಿಷಯ ನಿಮಗೆ ಹೊಸದಾಗಿ ಏನು ಹೇಳ್ಲಿ. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್, ಆಮೇಲೆ ಬಂಗಾರಪೇಟೆ. ಇನ್ನೂ ಕತ್ಲೆ ಇರ್ವಾಗ್ಲೇ ಜನ. ಟಿಫನ್ ಬಾಕ್ಸು, ಸೀಜನ್ ಪಾಸು, ಪಕ್ಕದವಳ ಹೆಗಲ ಮೇಲೆ ನಿದ್ದೆ. ಮೂರು ತಲೆಮಾರು ಭೂಮಿ ಕೆಳಗೆ ಇಳಿದ ಮನೆಯ ಹೆಣ್ಣುಮಕ್ಕಳು ಈಗ ಬೆಂಗಳೂರಿನ ಮೂರನೇ ಮಹಡಿಗೆ ಹತ್ತಿದ್ರು. ಮುತ್ತಾತಂದಿರು ತೆಗೆದ ಚಿನ್ನವೂ ಹೊರಗೆ, ಮರಿಮಕ್ಕಳು ಹೊಲೆದ ಬಟ್ಟೆಯೂ ಹೊರಗೆ.

ಒಂದು ಲೆಕ್ಕ ಹೇಳ್ತೀನಿ, ಕಾಳು ಹಿತುಕ್ತಾ ಅವತ್ತು ಬಾಯಲ್ಲೇ ಮಾಡಿದ್ದು. ಒಂದು ಬ್ಯಾಚಲ್ಲಿ ನಲವತ್ತು ಜನ ಅಂತ ಇಟ್ಕೊಳ್ಳಿ. ಒಬ್ಬಳು ಕಾಲರ್, ಒಬ್ಬಳು ಕಫ್, ಒಬ್ಬಳು ಸೈಡ್ ಸೀಮ್. ಗಂಟೆಗೆ 80 ಶರ್ಟು ಟಾರ್ಗೆಟ್ಟು. ಎಂಟು ಗಂಟೆಗೆ 640. ದಿನಕ್ಕೆ ತಲೆಗೆ 320 ರೂಪಾಯಿ ಕೂಲಿ ಹಿಡಿದ್ರೆ ನಲವತ್ತು ಜನಕ್ಕೆ 12,800. ಭಾಗಿಸಿದ್ರೆ ಒಂದು ಶರ್ಟಿಗೆ 20 ರೂಪಾಯಿ, ನಲವತ್ತು ಜನಕ್ಕೂ ಸೇರಿ. ಪ್ಯಾಕಿಂಗಲ್ಲಿ ಬೆಲೆ ಚೀಟಿ ನಾವೇ ಕಟ್ತಾ ಇದ್ವಿ. ಒಂದು ಸಲ ನೋಡಿದ್ರೆ ಮೂವತ್ತು ಡಾಲರ್ ಹತ್ರ ಇತ್ತು. ಡಾಲರಿಗೆ 65 ಅಂದ್ರೆ 1,950 ರೂಪಾಯಿ.

ಉಳಿದಿದ್ದೆಲ್ಲ ಒಬ್ಬನೇ ತಿಂದ ಅಂತ ನಾನು ಹೇಳಲ್ಲ. ಬಟ್ಟೆ, ಗುಂಡಿ, ಕಟ್ಟಿಂಗಿನವರು, ಕರೆಂಟು, ಹಡಗು, ಅಲ್ಲಿನ ಅಂಗಡಿ ಬಾಡಿಗೆ, ಅಲ್ಲಿ ಮಾರೋ ಹುಡುಗಿ ಸಂಬಳ ಎಲ್ಲ ಅದರಲ್ಲೇ ಬರ್ಬೇಕು. ಆದ್ರೆ ಆ 20 ರೂಪಾಯಿ 25 ಆದ್ರೆ ಕೊಳ್ಳೋನಿಗೆ ಗೊತ್ತೂ ಆಗಲ್ಲ, ನಮ್ಮ ಸಂಬಳ ಮಾತ್ರ ಕಾಲು ಪಾಲು ಏರ್ತೈತೆ. ಹಂಗಿದ್ರೂ ಯಾಕೆ ಏರಲ್ಲ? ಕೊಳ್ಳೋ ಕಂಪನಿಗೆ ಬಾಂಗ್ಲಾದೇಶ ಐತೆ, ವಿಯೆಟ್ನಾಂ ಐತೆ, ಒಂದು ಡಾಲರ್ ಜಾಸ್ತಿ ಕೇಳಿದ್ರೆ ಅಲ್ಲಿಗೆ ಹೋಗ್ತೀನಿ ಅಂತಾನೆ. ಮಾಲೀಕನಿಗೆ ಆ ಭಯ. ಮಾಲೀಕ ಆ ಭಯಾನ ಫ್ಲೋರಿಗೆ ಇಳಿಸ್ತಾನೆ. ನಮಗೆ ಮಾತ್ರ ಬೇರೆ ಜಾಗ ಇಲ್ಲ, ಸಂಜೆ ರೈಲಿಗೆ ವಾಪಸ್ ಬರ್ಬೇಕಲ್ಲ.

ಡಾಲರ್ ಏರಿದ್ರೆ ನಮಗೂ ಏರ್ತೈತೆ ಅಂತ ಸುಮಾರು ಜನ ಅಂದ್ಕೊಂಡವ್ರೆ. 2013ರ ಮೇನಲ್ಲಿ ಡಾಲರು 55 ರೂಪಾಯಿ ಆಸುಪಾಸಿತ್ತು, ಆಗಸ್ಟ್ ಕೊನೆಗೆ 68 ದಾಟ್ತು. ಹತ್ತು ಡಾಲರಿನ ಶರ್ಟಿಗೆ 550 ಬರ್ತಾ ಇದ್ದ ಜಾಗದಲ್ಲಿ 680. ನಮ್ಮ ಸ್ಲಿಪ್ಪಲ್ಲಿ ಒಂದು ರೂಪಾಯಿ ಬದಲಾಗ್ಲಿಲ್ಲ. ಯಾಕಂದ್ರೆ ನಮ್ಮ ಸಂಬಳ ಡಾಲರಿಗೆ ಕಟ್ಟಿಲ್ಲ, ಸರ್ಕಾರದ ಕನಿಷ್ಠ ವೇತನಕ್ಕೆ ಕಟ್ಟೈತೆ. ಪ್ರತಿ ಏಪ್ರಿಲ್ ಒಂದಕ್ಕೆ ಬೆಲೆ ಏರಿಕೆ ನೋಡಿ ತುಟ್ಟಿಭತ್ಯ ಸ್ವಲ್ಪ ಸೇರ್ತೈತೆ, ಅಷ್ಟೇ. ಕನಿಷ್ಠ ಅನ್ನೋದು ಇದಕ್ಕಿಂತ ಕಮ್ಮಿ ಕೊಡಬೇಡಿ ಅಂತ ಮಾಡಿದ್ದು. ಗಾರ್ಮೆಂಟ್ಸಲ್ಲಿ ಅದೇ ಗರಿಷ್ಠ ಆಗೋಗೈತೆ.

ಲಾಭ ಬಂದಾಗ ಕೆಳಕ್ಕೆ ಇಳಿಯಲ್ಲ, ನಷ್ಟ ಬಂದಾಗ ಮಾತ್ರ ಮೊದಲು ಕೆಳಕ್ಕೇ ಇಳೀತೈತೆ. 2008ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ವಲ್ಲ, ಅದ್ರ ಮುಂದಿನ ವರ್ಷ ನಾನಿದ್ದ ಫ್ಯಾಕ್ಟರೀಲಿ ಆರ್ಡರ್ ಕಮ್ಮಿ ಆಯ್ತು. ನಾನು ಸೇರಿ ನಾಲ್ಕು ವರ್ಷ ಚಿಲ್ಲರೆ ತಿಂಗಳಾಗಿತ್ತು. ಐದು ವರ್ಷ ತುಂಬಿದ್ರೆ ಗ್ರಾಚ್ಯುಟಿ, ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ. ನಮ್ಮ ಬ್ಯಾಚನ್ನ ಒಬ್ಬೊಬ್ಬರಾಗಿ ಒಳಕ್ಕೆ ಕರೆದ್ರು. ಇಂಗ್ಲಿಷಲ್ಲಿ ಟೈಪ್ ಮಾಡಿದ್ದ ಕಾಗದ. "ಸೈನ್ ಹಾಕಮ್ಮ, ಎರಡು ತಿಂಗಳು ಬಿಟ್ಟು ಮತ್ತೆ ತಗೋತೀವಿ" ಅಂದ್ರು. ಹಾಕಿದೆ. ನಾನೇ ನನ್ನ ಸ್ವಂತ ಇಷ್ಟದಿಂದ ಕೆಲಸ ಬಿಡ್ತಾ ಇದ್ದೀನಿ ಅಂತ ಅದ್ರಲ್ಲಿ ಬರ್ದಿತ್ತು ಅಂತ ಮನೆಗೆ ಬಂದು ನಮ್ಮ ಮೈದುನ ಓದಿ ಹೇಳಿದ್ಮೇಲೇ ಗೊತ್ತಾಗಿದ್ದು. ಎರಡು ತಿಂಗಳಾಯ್ತು, ನಾಲ್ಕಾಯ್ತು, ಕರೀಲಿಲ್ಲ. ಆ ವರ್ಷ ಮಗನ ಸ್ಕೂಲ್ ಫೀಸಿಗೆ ಕಿವಿ ಓಲೆ ಹೋಯ್ತು. ಅದೇ ಆಫೀಸಲ್ಲಿ ಏಸಿ ರೂಮಲ್ಲಿ ಕೂತಿದ್ದೋರು ಯಾರೂ ಅಂಥ ಕಾಗದಕ್ಕೆ ಸೈನ್ ಹಾಕಿದ್ದು ನಾನು ನೋಡ್ಲಿಲ್ಲ. ಒಂದೇ ಆರ್ಡರು ಕಮ್ಮಿ ಆಗಿದ್ದು, ಬಿಸಿ ತಟ್ಟಿದ್ದು ಕೆಳಗಿನೋರಿಗೆ.

ಹಂಗಂತ ಪಕ್ಕದ ಮನೆ ಅತ್ತಿಗೆ ಹೇಳ್ದಂಗೆ ಮನೇಲಿ ಕೂತ್ಕೊಳ್ಳಿ ಅಂತ ನಾನು ಹೇಳಲ್ಲ. ಕೂಲಿಗೆ ಟೊಮೇಟೊ ತೋಟಕ್ಕೆ ಹೋದ್ರೆ ಪಿಎಫ್ ಇಲ್ಲ, ಈಎಸ್‌ಐ ಇಲ್ಲ, ಮಳೆ ಬಂದ ದಿನ ಕೂಲಿನೂ ಇಲ್ಲ. ನಾನು ಈಗ ಮನೇಲಿ ಬ್ಲೌಸ್ ಹೊಲೀತೀನಿ, ಮದುವೆ ಸೀಜನ್ ಬಿಟ್ರೆ ಕೈ ಖಾಲಿ. ಗಾರ್ಮೆಂಟ್ಸ್ ಸಂಬಳ ಕಮ್ಮಿ ಇರ್ಬೋದು, ಆದ್ರೆ ಏಳನೇ ತಾರೀಖು ನನ್ನ ಹೆಸರಿಗೆ ಬರ್ತಿತ್ತು. ನಮ್ಮತ್ತೆ ಆಪರೇಷನ್ ಈಎಸ್‌ಐನಲ್ಲೇ ಆಗಿದ್ದು. ಆ ಸಂಬಳ ಬಂದ್ಮೇಲೆ ಮನೇಲಿ ನನ್ನ ಮಾತು ಕೇಳೋರಾದ್ರು, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಹೊರದೇಶದ ವ್ಯಾಪಾರ ನಿಂತೋದ್ರೆ ನಮಗೆ ಒಳ್ಳೇದಾಗ್ತೈತೆ ಅನ್ನೋದು ರೈಲು ಹತ್ತದೇ ಇರೋರು ಆಡೋ ಮಾತು.

ಇನ್ನೊಂದು ವಿಷಯ ಅತ್ತಿಗೆಗೆ ಗೊತ್ತಿರ್ಲಿಲ್ಲ. ಹೊರದೇಶದ ನಂಟು ಅನ್ನೋದು ಎರಡು ತುದಿ ಇರೋ ಹಗ್ಗ. ಅವರು ಎಳೆದಂಗೆ ನಾವೂ ಎಳೀಬೋದು. ಕೊರೋನಾ ವರ್ಷ 2020ರಲ್ಲಿ ಏಪ್ರಿಲ್‌ನಿಂದ ಬರಬೇಕಿದ್ದ ತುಟ್ಟಿಭತ್ಯವನ್ನ ಒಂದು ವರ್ಷ ಮುಂದಕ್ಕೆ ಹಾಕಿ ಸರ್ಕಾರ ಆದೇಶ ಮಾಡ್ತು. ತಿಂಗಳಿಗೆ ಸುಮಾರು 417 ರೂಪಾಯಿ. ಓದೋರಿಗೆ ಸಣ್ಣದು ಅನ್ನಿಸ್ಬೋದು, ಒಂದು ಮನೆಗೆ ಹತ್ತು ದಿನದ ಹಾಲಿನ ದುಡ್ಡು. ಲಕ್ಷಾಂತರ ಜನದ್ದು ಸೇರಿಸಿದ್ರೆ ಎಷ್ಟಾಗ್ತೈತೆ ನೀವೇ ನೋಡಿ. ಯೂನಿಯನ್ನಿನೋರು ಹೈಕೋರ್ಟಿಗೆ ಹೋದ್ರು, ಆದೇಶಕ್ಕೆ ತಡೆ ಸಿಕ್ತು. ಆದ್ರೂ ಫ್ಯಾಕ್ಟರಿಗಳು ಕೊಡ್ಲಿಲ್ಲ. ಆಮೇಲೆ ಈ ಬಟ್ಟೆ ಕೊಳ್ಳೋ ಹೊರದೇಶದ ದೊಡ್ಡ ದೊಡ್ಡ ಬ್ರ್ಯಾಂಡುಗಳ ಹೆಸರು ಹಿಡಿದು ಅಲ್ಲಿನೋರು ಕೇಳೋಕೆ ಶುರುಮಾಡಿದ್ರು. 2022ರ ಹೊತ್ತಿಗೆ ಬಾಕಿ ಬರೋಕೆ ಶುರುವಾಯ್ತು. ಇಲ್ಲಿ ಯೂನಿಯನ್ ಇಲ್ದೇ ಇದ್ದಿದ್ರೆ ಅಲ್ಲಿ ಯಾರೂ ಕೇಳ್ತಾ ಇರ್ಲಿಲ್ಲ. ಅಲ್ಲಿ ಕೇಳೋರು ಇಲ್ದಿದ್ರೆ ಇಲ್ಲಿ ಕೋರ್ಟಿನ ಮಾತಿಗೂ ಬೆಲೆ ಇರ್ತಿರ್ಲಿಲ್ಲ. ಪಿಎಫ್ ದುಡ್ಡು 58 ವರ್ಷದವರೆಗೆ ಪೂರ್ತಿ ತೆಗೆಯೋಕಾಗಲ್ಲ ಅಂತ ನಿಯಮ ಬಂದಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದ್ರಲ್ಲ, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನ ವಾಪಸ್ ತಗೊಂಡ್ತು. ಒಬ್ಬೊಬ್ಬರಾಗಿ ಒಳಕ್ಕೆ ಕರೆದಾಗ ಸೈನ್ ಹಾಕಿದ್ದೂ ಇಂಥ ಹೆಂಗಸರೇ, ಒಟ್ಟಿಗೆ ನಿಂತಾಗ ಗೆದ್ದಿದ್ದೂ ಇವರೇ.

ಇನ್ನು ನಮ್ಮ ಜಿಲ್ಲೆಯ ನರಸಾಪುರದ ವಿಷಯ. 2020ರ ಡಿಸೆಂಬರ್ 12ರ ಬೆಳಗಿನ ಜಾವ ವಿಸ್ಟ್ರಾನ್ ಕಂಪನಿಯ ಐಫೋನ್ ಫ್ಯಾಕ್ಟರೀಲಿ ಗಲಾಟೆ ಆಗಿದ್ದು ನಿಮಗೆಲ್ಲ ನೆನಪಿರ್ಬೋದು. ಗಾಜು ಒಡೆದ್ರು, ಗಾಡಿ ಉರುಳಿಸಿದ್ರು, ನೂರಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು. ಒಡೆದಿದ್ದು ತಪ್ಪು, ಅದರಲ್ಲಿ ನಾನು ಎರಡು ಮಾತಾಡಲ್ಲ. ಆದ್ರೆ ಯಾಕೆ ಆಯ್ತು ಅಂತಾನೂ ನೋಡ್ಬೇಕು. 21,000 ಅಂತ ಹೇಳಿ ಸೇರಿಸ್ಕೊಂಡ ಎಂಜಿನಿಯರಿಂಗ್ ಹುಡುಗರಿಗೆ 16,000 ಬಂತು, ಆಮೇಲೆ ಅದೂ ಕಮ್ಮಿ ಆಯ್ತು ಅಂತ ಪೇಪರಲ್ಲೆಲ್ಲ ಬಂದಿತ್ತು. ಕೆಲವರಿಗೆ ಸಂಬಳ ಸರಿಯಾಗಿ, ಹೊತ್ತಿಗೆ ಸರಿಯಾಗಿ ಕೊಟ್ಟಿಲ್ಲ ಅಂತ ಕಂಪನಿನೇ ಒಪ್ಕೊಂಡು ಕ್ಷಮೆ ಕೇಳ್ತು. ಸರಿ ಮಾಡೋವರೆಗೂ ಹೊಸ ಕೆಲಸ ಕೊಡಲ್ಲ ಅಂತ ಆಪಲ್ ಕಂಪನಿ ನಿಲ್ಲಿಸ್ತು. 2023ರಲ್ಲಿ ಆ ಫ್ಯಾಕ್ಟರೀನ ಟಾಟಾದವರು ತಗೊಂಡ್ರು.

ಅವತ್ತು ಅಲ್ಲಿದ್ದ ಸಾವಿರಾರು ಜನರಲ್ಲಿ ಹೆಚ್ಚಿನವರು ಕಂಪನಿಯ ಆಳುಗಳಲ್ಲ, ಬೇರೆ ಬೇರೆ ಕಂತ್ರಾಟುದಾರರ ಆಳುಗಳು. ಒಂದೇ ಬೆಲ್ಟಿನ ಮುಂದೆ ನಿಂತು ಒಂದೇ ಕೆಲಸ ಮಾಡೋ ಇಬ್ಬರಲ್ಲಿ ಒಬ್ಬಳ ಹೆಸರು ಕಂಪನಿ ರೋಲಲ್ಲಿ, ಇನ್ನೊಬ್ಬಳದು ಏಜೆನ್ಸಿ ರೋಲಲ್ಲಿ. ಸಂಬಳ ಕಮ್ಮಿ ಬಂದ್ರೆ ಕಂಪನಿ ಏಜೆನ್ಸಿ ಕಡೆ ಕೈ ತೋರ್ಸ್ತೈತೆ, ಏಜೆನ್ಸಿ ಕಂಪನಿ ಕಡೆ. ಕಂತ್ರಾಟುದಾರ ಸಂಬಳ ಕೊಡದಿದ್ರೆ ಕೆಲಸ ಕೊಟ್ಟ ಕಂಪನಿನೇ ಕೊಡ್ಬೇಕು ಅಂತ 1970ರಿಂದ ಕಾನೂನು ಇತ್ತು. ಗೊತ್ತಿದ್ರೆ ತಾನೇ ಕೇಳೋದು.

ಸಾವಿರಾರು ರೂಪಾಯಿಯ ಫೋನು ಮಾಡೋ ಕಡೆ ಸಂಬಳದ ಜಗಳ, ಅಗ್ಗದ ಶರ್ಟು ಮಾಡೋ ಕಡೆನೂ ಸಂಬಳದ ಜಗಳ. ಇದ್ರಿಂದಲೇ ನನಗೆ ಗೊತ್ತಾಗಿದ್ದು, ಮಾಲಿನ ಬೆಲೆಗೂ ಕೂಲಿಗೂ ನೇರ ನಂಟಿಲ್ಲ ಅಂತ. 2025ರ ಆಗಸ್ಟ್ 27ರಿಂದ ನಮ್ಮ ದೇಶದ ಬಟ್ಟೆ ಮೇಲೆ ಅಮೆರಿಕ 50 ಪರ್ಸೆಂಟು ಸುಂಕ ಹಾಕ್ತು, ಫೋನುಗಳನ್ನ ಅದರಿಂದ ಬಿಟ್ಟಿತ್ತು. ಒಂದೇ ಬೀದಿಯ ಇಬ್ಬರು ಹುಡುಗೀರಲ್ಲಿ ಒಬ್ಬಳು ಶರ್ಟಿಗೆ, ಒಬ್ಬಳು ಫೋನಿಗೆ ಹೋಗ್ತಿದ್ರೆ ಒಬ್ಬಳಿಗೆ ಓಟಿ, ಇನ್ನೊಬ್ಬಳಿಗೆ ಆರ್ಡರ್ ಇಲ್ಲ ಅನ್ನೋ ಭಯ. ಇಬ್ಬರೂ ಮಾಡಿದ ತಪ್ಪು ಏನೂ ಇಲ್ಲ. ಅಲ್ಲಿನ ತೀರ್ಮಾನ ನಮ್ಮ ಕೈಲಿಲ್ಲ. ಅದ್ಕೇ ನಮ್ಮ ಕೈಲಿರೋದನ್ನಾದ್ರೂ ಗಟ್ಟಿಯಾಗಿ ಹಿಡ್ಕೋಬೇಕು.

ಹಂಗಾಗಿ ನಮ್ಮಣ್ಣನ ಮಗಳಿಗೆ ಹೋಗು ಅಂತಾನೂ ಹೇಳ್ಲಿಲ್ಲ, ಬೇಡ ಅಂತಾನೂ ಹೇಳ್ಲಿಲ್ಲ. ಮೂರು ಪ್ರಶ್ನೆ ಕೇಳ್ಕೊಂಡು ಬಾ ಅಂದೆ. ಹೆಣ್ಣುಮಕ್ಕಳನ್ನ ಕೆಲಸಕ್ಕೆ ಕಳಿಸೋ ಎಲ್ಲರಿಗೂ ಅದೇ ಮೂರು ಹೇಳ್ತೀನಿ.

ಮೊದಲನೇದು, ಹೆಸರು ಯಾರ ರೋಲಲ್ಲಿ, ನೇಮಕಾತಿ ಪತ್ರ ಯಾರು ಕೊಡ್ತಾರೆ? 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ಹೊಸ ಕಾರ್ಮಿಕ ಸಂಹಿತೆ ಪ್ರಕಾರ ನೇಮಕಾತಿ ಪತ್ರ ಕೊಡ್ಲೇಬೇಕು. ವಾಟ್ಸಾಪ್ ಮೆಸೇಜು ಪತ್ರ ಅಲ್ಲ.

ಎರಡನೇದು, ಹೇಳಿದ ಸಂಬಳದಲ್ಲಿ ಮೂಲ ವೇತನ ಎಷ್ಟು, ಹಾಜರಾತಿ ಬೋನಸ್ಸು, ಊಟ, ಬಸ್ಸು ಅಂತ ಸೇರಿಸಿದ್ದು ಎಷ್ಟು? ಪಿಎಫ್, ಈಎಸ್‌ಐ ಹಿಡಿದ್ಮೇಲೆ ಕೈಗೆ ಎಷ್ಟು? ಒಂದು ದಿನ ಜ್ವರ ಬಂದು ರಜೆ ಹಾಕಿದ್ರೆ ಎಷ್ಟು ಕಡಿತ? ದೊಡ್ಡ ಸಂಖ್ಯೆ ತೋರ್ಸಿ ಸಣ್ಣ ಸಂಖ್ಯೆ ಕೊಡೋದು ಇಲ್ಲೇ.

ಮೂರನೇದು, ಪಾಳಿ ಎಷ್ಟು ಗಂಟೆ, ಓಟಿ ಡಬಲ್ ಕೊಡ್ತಾರಾ, ರಾತ್ರಿ ಪಾಳಿ ಆದ್ರೆ ಬಸ್ಸು ಮನೆ ಹತ್ರ ಬಿಡ್ತೈತಾ, ಇಲ್ಲ ಮೇನ್ ರೋಡಲ್ಲಿ ಇಳಿಸಿ ಹೋಗ್ತೈತಾ? 2023ರಲ್ಲಿ ನಮ್ಮ ರಾಜ್ಯದ ಕಾನೂನು ತಿದ್ದಿ ದಿನಕ್ಕೆ ಹನ್ನೆರಡು ಗಂಟೆವರೆಗೂ ಪಾಳಿ ಇಡ್ಬೋದು ಅಂತ ಮಾಡಿದ್ರು, ವಾರಕ್ಕೆ ಮಾತ್ರ 48 ಗಂಟೆ ದಾಟಂಗಿಲ್ಲ. ದಾಟಿದ್ದು ಓಟಿ. ಈ ಲೆಕ್ಕ ಹುಡುಗಿಗೂ ಗೊತ್ತಿರ್ಬೇಕು, ಅವಳ ಅಮ್ಮನಿಗೂ ಗೊತ್ತಿರ್ಬೇಕು.

"ಇಷ್ಟೆಲ್ಲ ಕೇಳಿದ್ರೆ ಕೆಲಸನೇ ಕೊಡಲ್ಲ ಅತ್ತೆ" ಅಂದ್ಲು ಹುಡುಗಿ. ಇರ್ಬೋದು. ಒಬ್ಬಳೇ ಕೇಳಿದ್ರೆ ಕೊಡದೇ ಇರ್ಬೋದು. ಅವಳ ಜೊತೆ ಅದೇ ಮೆಸೇಜು ಬಂದಿರೋ ಹುಡುಗೀರು ಕೆಜಿಎಫ್‌ನಲ್ಲೇ ಆರು ಜನ ಅವ್ರೆ. ಆರು ಜನನೂ ಒಟ್ಟಿಗೆ ಹೋಗಿ ಕೇಳಿ ಅಂದೆ. ಹದಿನಾರು ವರ್ಷದಲ್ಲಿ ನಾನು ಕಲ್ತಿದ್ದು ಅದೊಂದೇ, ಅದನ್ನೂ ತಡವಾಗಿ ಕಲ್ತೆ.

ಅವ್ಳು ಅಲ್ಲೇ ಕೂತು ಏಜೆನ್ಸಿಯವರಿಗೆ ಫೋನ್ ಮಾಡಿದ್ಲು. ನೇಮಕಾತಿ ಪತ್ರ ಕೇಳಿದ್ದಕ್ಕೆ ಆ ಕಡೆಯೋನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬುಧವಾರ ಕಳಿಸ್ತೀವಿ" ಅಂದ. ಸೋಮವಾರ ಹೋಗ್ಲಿಲ್ಲ ಅವ್ಳು. ಬುಧವಾರದವರೆಗೂ ಕಾಯ್ತಾಳೆ. ಎದುರುಮನೆ ಅಕ್ಕನಿಗೆ ಇನ್ನೂ ಕೋಪ, ಕೈಗೆ ಬಂದ ತುತ್ತು ಬಾಯಿಗೆ ಬರ್ದಂಗೆ ಮಾಡ್ದೆ ನೀನು ಅಂತಾರೆ. ಆಗ್ಲಿ.

ನಿಮ್ಮ ಮನೇಲೂ ಯಾರಿಗಾದ್ರೂ ಇಂಥ ಪತ್ರ ಬಂದಿದ್ರೆ, ಇಂಗ್ಲಿಷಲ್ಲಿ ಐತೆ ಅಂತ ಹೆದರ್ಕೊಂಡು ಸೈನ್ ಹಾಕ್ಬೇಡಿ, ತಗೊಂಡು ಬನ್ನಿ. ನಮ್ಮ ಮೈದುನ ಸಂಜೆ ಆರಕ್ಕೆ ಮನೇಲಿರ್ತಾರೆ, ಕೂತು ಓದೋಣ. ಅವರೆ ಸೀಜನ್ ಇನ್ನೂ ಮುಗ್ದಿಲ್ಲ, ಬಂದೋರಿಗೆ ಹಿತಕಿದ ಬೇಳೆ ಸಾರು, ಮುದ್ದೆ ಇದ್ದೇ ಇರ್ತೈತೆ.